ಹಳೇ ವಾಡೆಯಲ್ಲಿ ಹೊಸ ಬಣ್ಣ ನೋಡುವ ಬಗೆ

ಮಹಾರಾಷ್ಟ್ರದಲ್ಲಿ, ನಡುವೆ ತೆರೆದ ಚೌಕವಿರುವ ಹಳೆಯ ವಾಡೆಯೊಂದನ್ನು ದುರಸ್ತಿ ಮಾಡಿಸಿ ಒಳಗೆ ಅರಿಸಿನ, ಕಡುನೀಲಿ, ಗಿಳಿಹಸಿರು ಬಳಿದಿದ್ದರೆ ಮೊದಲ ಸಲ ನೋಡಿದವರು ಮುಖ ಕಿವುಚುವುದುಂಟು. ಹಳೆಯದೆಂದರೆ ಬರೀ ಮರ, ಬರೀ ಕಲ್ಲು ಎಂಬ ಎಣಿಕೆ. ಹಾಗೆನಿಸಿದರೆ ಛತ್ರಪತಿ ಸಂಭಾಜಿನಗರದಿಂದ ಸುಮಾರು 30 ಕಿ.ಮೀ. ದೂರದ ಎಲ್ಲೋರಕ್ಕೆ ಹೋಗಿಬನ್ನಿ. ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣ 8ನೇ ಶತಮಾನದಲ್ಲಿ ಕಡೆಸಿದ ಕೈಲಾಸ ದೇವಾಲಯ ಇವತ್ತು ಕಪ್ಪು ಕಲ್ಲು. ಒಂದು ಕಾಲಕ್ಕೆ ಅದಕ್ಕೆ ಗಾರೆ ಮೆತ್ತಿ ಬಣ್ಣ ಹಚ್ಚಿದ್ದರು. ರಂಗಮಹಲ್ ಎಂಬ ಹೆಸರೇ ಬಿದ್ದಿತ್ತು. ಕತ್ತೆತ್ತಿದರೆ ಚಾವಣಿಯಲ್ಲಿ ಚಿತ್ರದ ತುಣುಕುಗಳು ಈಗಲೂ ಕಾಣುತ್ತವೆ.

ವಾಡೆಯೊಳಗೆ ಕಾಲಿಟ್ಟ ಕೂಡಲೇ ಗೋಡೆ ನೋಡಬೇಡಿ, ಬೆಳಕು ಎಲ್ಲಿಂದ ಬರುತ್ತಿದೆ ನೋಡಿ. ನಾಸಿಕದಲ್ಲಿ ಪೇಶ್ವೆಯರ ಕಾಲದ ಸರ್ಕಾರ್‌ವಾಡಾ ಇದೆ. ಅಂಥ ಮನೆಗಳಲ್ಲಿ ನಡುವಿನ ಚೌಕದಿಂದಲೇ ಬೆಳಕು ಇಳಿಯಬೇಕು. ತೇಗದ ಕಂಬಗಳನ್ನು ತಾಕಿ, ಪಡಸಾಲೆ ದಾಟಿ, ಒಳಕೋಣೆ ಮುಟ್ಟುವಷ್ಟರಲ್ಲಿ ಅದು ಅರ್ಧ ಸೋತಿರುತ್ತದೆ. ಅಲ್ಲಿ ಅರಿಸಿನ ಬಣ್ಣ ದೀಪ ಹಚ್ಚಿಟ್ಟಂತೆ. ಅದನ್ನೇ ಚೌಕದ ಕಡೆ ಬಳಿದರೆ ಕಣ್ಣು ಚುಚ್ಚುತ್ತದೆ.

ಆಮೇಲೆ ಗೋಡೆಯನ್ನು ಅಂಗೈಯಿಂದ ಸವರಿ. ಸುಣ್ಣಕ್ಕೆ ಬಣ್ಣದ ಪುಡಿ ಕಲಸಿ ಬಳಿದಿದ್ದರೆ ಸಣ್ಣ ತರಿ ತಾಕುತ್ತದೆ, ಬಣ್ಣ ಒಂದೆಡೆ ದಟ್ಟ, ಒಂದೆಡೆ ತೆಳು. ಹಳೆಯ ಇಟ್ಟಿಗೆಗೋಡೆ ಮಳೆಗಾಲದಲ್ಲಿ ನೀರು ಕುಡಿದು ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣ ಅದಕ್ಕೆ ದಾರಿ ಕೊಡುತ್ತದೆ. ಪ್ಲಾಸ್ಟಿಕ್ ಪೇಂಟಿನ ಹಿಂದೆ ತೇವ ಸಿಕ್ಕಿಕೊಂಡು, ಪೇಂಟು ಗುಳ್ಳೆಗಟ್ಟಿ ಹಪ್ಪಳದ ಹಾಗೆ ಎದ್ದುಬರುತ್ತದೆ. ತೇಗದ ಕಂಬಕ್ಕೆ ಆಯಿಲ್ ಪೇಂಟ್ ಬಳಿಯುವುದನ್ನಂತೂ ನನ್ನಿಂದ ಸಹಿಸಲಾಗದು. ಬೋದಿಗೆಯ ಕೆತ್ತನೆಯ ಸಂದು ಮುಚ್ಚಿಹೋಗಿ, ಕಮಲದ ಎಸಳು ಬರೀ ಉಬ್ಬಾಗಿಬಿಡುತ್ತದೆ.

ಬಣ್ಣ ಎಷ್ಟಿರಬೇಕು? ಇದಕ್ಕೆ ಪೈಠಣಿ ಸೀರೆಯೇ ಗುರು. ಪೈಠಣ ಇರುವುದು ಸಂಭಾಜಿನಗರ ಜಿಲ್ಲೆಯಲ್ಲಿ, ಯೇವಲಾ ನಾಸಿಕ ಜಿಲ್ಲೆಯಲ್ಲಿ. ಎರಡೂ ಕಡೆ ಪೈಠಣಿ ನೇಯುತ್ತಾರೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾದ ಸೀರೆಯನ್ನು ಕಿಟಕಿಯ ಹತ್ತಿರ ಹಿಡಿದು ಓರೆ ಮಾಡಿ. ನೇರಳೆ ಸರಿದು ಕೆಂಪು ಮೂಡುತ್ತದೆ. ಧೂಪ್‌ಛಾಂವ್ ಅನ್ನುತ್ತಾರೆ, ಬಿಸಿಲುನೆರಳು. ಸೆರಗನ್ನು ಮಗುಚಿದರೆ ನವಿಲು ಹಿಂಬದಿಯಲ್ಲೂ ಅಷ್ಟೇ ಸ್ಫುಟ. ಒಂದೊಂದು ಬಣ್ಣದ ಎಳೆಯನ್ನೂ ಕೈಯಲ್ಲೇ ತೂರಿಸಿ ಪಕ್ಕದ ಎಳೆಗೆ ಕೊಂಡಿ ಹಾಕಿರುತ್ತಾರೆ. ಆದರೆ ಇಷ್ಟೆಲ್ಲ ನವಿಲು, ಗಿಳಿ, ಬಳ್ಳಿ, ಜರಿಯ ಸಿರಿ ಹೆಚ್ಚಾಗಿ ಸೆರಗಿಗೆ. ಒಡಲು ಸರಳ, ಅಲ್ಲಲ್ಲಿ ಸಣ್ಣ ಬುಟ್ಟಾ.

ಕೋಣೆಯಲ್ಲಿ ನಿಂತು ಅದರ ಸೆರಗು ಯಾವುದೆಂದು ಹುಡುಕಿ. ರೇಷ್ಮೆ-ಹತ್ತಿಯ ಹಿಮ್ರೂ ಬಟ್ಟೆ ಹೊದಿಸಿದ ಒಂದು ದಿವಾನ ಇರಬಹುದು. ಬಿಳಿ ಗೋಡೆಯ ಗೂಡಿನೊಳಗಷ್ಟೇ ಬಳಿದ ಗಿಳಿಹಸಿರು ಇರಬಹುದು. ನಾಲ್ಕು ಗೋಡೆಯೂ ಸೆರಗಾದ ಕೋಣೆಯಲ್ಲಿ ಕಣ್ಣಿಗೆ ಕೂರಲು ಜಾಗವಿಲ್ಲ. ಸೆರಗು ಸಿಕ್ಕಿತೆಂದರೆ ಸಂಜೆ ಇನ್ನೊಮ್ಮೆ ಬನ್ನಿ. ಚೌಕದ ಬಿಸಿಲು ಮೇಲಂತಸ್ತಿನ ಕಟಕಟೆಗೆ ಏರಿರುತ್ತದೆ, ಕೆಳಗೆ ಗೂಡಿನ ಹಸಿರು ಬೆಳಗ್ಗೆ ನೋಡಿದ ಹಸಿರಾಗಿರುವುದಿಲ್ಲ.