ಕೋಡಂಗಿಯ ಮಾತು ಯಾರ ಲೆಕ್ಕಕ್ಕೆ?

ಚದುರಿಹೋಗಿದ್ದ ಹಾಸ್ಯದ ಮೇಳವೊಂದು ಮತ್ತೆ ಸೇರಿ ಸುತ್ತಲಿನ ಊರುಗಳಲ್ಲಿ ಆಡಲು ಹೊರಟರೆ ನಾವು ಅದನ್ನು ‘ಪುನರುಜ್ಜೀವನ’ ಎಂದು ಕರೆದುಬಿಡುತ್ತೇವೆ. ಅರಸೀಕೆರೆ, ತಿಪಟೂರು ಸೀಮೆಯ ಮೂಡಲಪಾಯ ಯಕ್ಷಗಾನಕ್ಕೆ ಈ ಮಾತು ಒಪ್ಪುವುದಿಲ್ಲ. ಕರಾವಳಿಯಲ್ಲಿರುವಂಥ ವೃತ್ತಿಮೇಳಗಳ ತಿರುಗಾಟ ಇಲ್ಲಿಯದಲ್ಲ. ವೇಷ ಕಟ್ಟುವವರು ಬಹುಮಟ್ಟಿಗೆ ಬೇಸಾಯಗಾರರು. ಸುಗ್ಗಿ ಮುಗಿದ ಮೇಲೆ ಸೇರುತ್ತಾರೆ, ಭಾಗವತರ ಬಳಿ ಕಲಿಯುತ್ತಾರೆ, ರಾತ್ರಿಯಿಡೀ ಆಡುತ್ತಾರೆ, ಮಳೆ ಬಿದ್ದರೆ ಹೊಲಕ್ಕೆ ಮರಳುತ್ತಾರೆ. ಚದುರುವುದೂ ಕೂಡುವುದೂ ಈ ಕಲೆಯ ನಡೆಯೇ.

ಹಾಗಾದರೆ ಮರಳಿ ಸೇರಿದ ಮೇಳವನ್ನು ವಿಮರ್ಶಕ ಯಾವುದರಿಂದ ಅಳೆಯಬೇಕು? ಮುಖವೀಣೆಯ ನಾದದಿಂದಲೋ ಕಿರೀಟ, ಭುಜಕೀರ್ತಿಗಳ ಅಂದದಿಂದಲೋ ಅಳೆಯುವುದು ಸುಲಭ. ನಾನು ಕೋಡಂಗಿಯಿಂದ ಅಳೆಯುತ್ತೇನೆ. ಆಟದ ಮೊದಲಿಗೆ ಬರುವ ಈ ಹಾಸ್ಯಗಾರನನ್ನು ಭಾಗವತರು ಎಂದೂ ಕಾಣದವರಂತೆ ‘ಯಾರಯ್ಯಾ ನೀನು?’ ಎಂದು ವಿಚಾರಿಸುತ್ತಾರೆ. ಎದುರಿಗೆ ಕೂತ ಊರಿಗೆಲ್ಲ ಅವನು ಯಾರ ಮಗನೆಂದು ಗೊತ್ತು. ನಗು ಹುಟ್ಟುವುದೇ ಅಲ್ಲಿ. ತುಂಬದ ಕೆರೆ, ಬಿದ್ದ ಕೊಬ್ಬರಿ ಬೆಲೆ, ಬಾರದ ಬಸ್ಸು ಎಲ್ಲವೂ ಅವನ ಬಾಯಿಗೆ ಬರಬಹುದು. ಊರು ಬದಲಾದರೆ ಮಾತೂ ಬದಲಾಗಬೇಕು. ಆದ್ದರಿಂದ ಊರಾಟ ಎಂಬುದು ದೊಡ್ಡ ವೇದಿಕೆ ಸಿಗದವರ ಪಾಲಿನ ಚಿಕ್ಕ ಅವಕಾಶವಲ್ಲ. ಈ ಹಾಸ್ಯ ಬದುಕುವುದಕ್ಕೆ ಬೇಕಾದ ನೆಲ.

ಸಂಶೋಧನೆಗೆ ತೊಡಕಾಗುವುದೂ ಇದೇ. ಪ್ರಸಂಗದ ಪದಗಳು ಓಲೆಯಲ್ಲಿ, ಅಚ್ಚಿನಲ್ಲಿ ಉಳಿದಿವೆ. ಆ ಹೊತ್ತಿಗೆ ಹುಟ್ಟುವ ಕೋಡಂಗಿಯ ಮಾತು ಪ್ರಸಂಗದಲ್ಲಿ ಇರುವುದಿಲ್ಲ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದು ಕರಾವಳಿಯ ಆಟಕ್ಕೆ ವಿದ್ವತ್ತಿನ ಮನ್ನಣೆ ಗಟ್ಟಿಯಾಯಿತು. ಮೂಡಲಪಾಯದ ಕಡೆಗೆ ಜೀ.ಶಂ. ಪರಮಶಿವಯ್ಯನವರಂಥವರು ಗಮನ ಸೆಳೆದರು. ಆದರೂ ನಾವು ವಿದ್ಯಾರ್ಥಿಗಳು ಇಂದಿಗೂ ಪ್ರಸಂಗದ ಪಠ್ಯವನ್ನೇ ಹಿಡಿದು ಅಧ್ಯಾಯ ಬರೆಯುತ್ತೇವೆ. ಊರು ನಕ್ಕ ಭಾಗ ನಮ್ಮ ಅಡಿಟಿಪ್ಪಣಿಗೂ ಬರುವುದಿಲ್ಲ.

ಜಾವಗಲ್ಲಿನಲ್ಲಿ 13ನೇ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ಹತ್ತಿರದ ಬೇಲೂರು, ಹಳೇಬೀಡುಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಕಲ್ಲಿನ ಕೆಲಸಕ್ಕೆ ಬೇಲಿ ಹಾಕಿ ಕಾಯಬಹುದು. ಹಾಸ್ಯವನ್ನು ಹಾಗೆ ಕಾಯಲು ಬರುವುದಿಲ್ಲ. ರಾತ್ರಿಯಿಡೀ ನಡೆಯುವ ಆಟವನ್ನು ಉತ್ಸವದ ಅರ್ಧ ಗಂಟೆಗೆ ಇಳಿಸಿದರೆ ರಾಜವೇಷ ಉಳಿಯುತ್ತದೆ, ಯುದ್ಧದ ಕುಣಿತ ಉಳಿಯುತ್ತದೆ. ಕತೆಗೆ ಬೇಡವೆಂದು ಮೊದಲು ಕತ್ತರಿ ಬೀಳುವುದು ಕೋಡಂಗಿಗೆ. ಅಪರಿಚಿತ ಸಭೆಯೆದುರು ಉಳಿದರೂ ಅವನು ಎಲ್ಲರಿಗೂ ತಿಳಿದ ಸಿನಿಮಾ ಜೋಕಿಗೆ ಇಳಿಯಬೇಕಾಗುತ್ತದೆ.

ಹಾಗೆಂದು ಹಳೆಯ ಮಾತುಗಳನ್ನೇ ಒಪ್ಪಿಸುವ ಮೇಳವನ್ನೂ ನಾನು ಮೆಚ್ಚಲಾರೆ. ಇಪ್ಪತ್ತು ವರ್ಷದ ಹಿಂದಿನ ನಗೆಮಾತಿಗೆ ಹಿರಿಯರು ನೆನಪಿನಿಂದ ನಕ್ಕಾರು, ಬೆಂಗಳೂರಿನಿಂದ ಜಾತ್ರೆಗೆ ಬಂದ ಹುಡುಗರು ಫೋನು ತೆಗೆದಾರು. ಮತ್ತೆ ಸೇರಿದ ಮೇಳ ಈ ವರ್ಷದ ಊರನ್ನು ನೋಡಿದೆಯೇ, ಆ ಹುಡುಗರನ್ನೂ ಮಾತಿಗೆ ಎಳೆದಿದೆಯೇ? ವಿಮರ್ಶೆ ಕೇಳಬೇಕಾದ ಪ್ರಶ್ನೆ ಇದು. ಅದನ್ನು ಕೇಳಲು ನಾವೂ ರಾತ್ರಿಯಿಡೀ ಚಾಪೆಯ ಮೇಲೆ ಕೂರಬೇಕು.