‘ಅಪೇಕ್ಷಿತ ದಿನ’: ಒಂದು ಪರಿಶೋಧನ ವರದಿಯ ವಿಮರ್ಶೆ

ಹಸ್ತಪ್ರತಿಗಳನ್ನು ಪರಿಶೋಧಿಸುವವರು ಲಿಪಿಕಾರನ ಕೈತಪ್ಪನ್ನೂ ಬುದ್ಧಿಪೂರ್ವಕವಾದ ಪ್ರಕ್ಷೇಪವನ್ನೂ ಬೇರೆಬೇರೆಯಾಗಿ ಎಣಿಸುವರು. ಮೊದಲನೆಯದು ಅನವಧಾನದ ಫಲ. ಎರಡನೆಯದಕ್ಕೆ ಒಂದು ಪ್ರಯೋಜನವುಂಟು. ಈ ವಿವೇಕವು ಓಲೆಗರಿಗಳಿಗೆ ಮಾತ್ರವಲ್ಲದೆ ಗಣಕಯಂತ್ರಗಳಲ್ಲಿ ಶೇಖರವಾಗುವ ಆಡಳಿತದ ಅಂಕಿಗಳಿಗೂ ಅವಶ್ಯಕವಾದುದು. ಅಮೆರಿಕಾ ಸಂಯುಕ್ತ ಸಂಸ್ಥಾನದ ಗವರ್ನಮೆಂಟ್ ಅಕೌಂಟಬಿಲಿಟಿ ಆಫೀಸ್ ಎಂಬ ಪರಿಶೋಧನ ಸಂಸ್ಥೆಯು ೨೦೧೨ನೆಯ ಡಿಸೆಂಬರಿನಲ್ಲಿ ಹೊರಡಿಸಿದ ವರದಿಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಅಲ್ಲಿಯ ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆಗಳಲ್ಲಿ, ರೋಗಿಯು ವೈದ್ಯರನ್ನು ಕಾಣಲು ಎಷ್ಟು ದಿನ ಕಾದನೆಂಬುದನ್ನು ಯಂತ್ರವೇ ಲೆಕ್ಕಹಾಕುತ್ತಿತ್ತು. ರೋಗಿಯಾಗಲಿ ವೈದ್ಯನಾಗಲಿ ಬಯಸಿದ ದಿನವನ್ನು ಗುಮಾಸ್ತನು ‘ಅಪೇಕ್ಷಿತ ದಿನ’ವೆಂದು ನಮೂದಿಸಬೇಕು, ಅದಕ್ಕೂ ಭೇಟಿಗೆ ಗೊತ್ತಾದ ದಿನಕ್ಕೂ ನಡುವಣ ಅಂತರವೇ ಕಾಯುವ ಕಾಲ. ಗುಮಾಸ್ತನು ತೆರವಾಗಿರುವ ದಿನವನ್ನು ಮೊದಲು ಹುಡುಕಿ ಅದನ್ನೇ ಅಪೇಕ್ಷಿತ ದಿನವೆಂದು ಬರೆದನಾದರೆ, ತಿಂಗಳುಗಟ್ಟಲೆ ಕಾದವನೂ ಲೆಕ್ಕದಲ್ಲಿ ಒಂದು ದಿನವೂ ಕಾಯದವನಾಗುವನು. ಯಂತ್ರದ ವ್ಯವಕಲನದಲ್ಲಿ ದೋಷವಿಲ್ಲ. ಅದಕ್ಕೆ ಒಪ್ಪಿಸಿದ ಪದದ ಅರ್ಥದಲ್ಲಿ ದೋಷವುಂಟು.

ಇದನ್ನು ಕಂಡುಹಿಡಿದುದೇ ವರದಿಯ ಮುಖ್ಯ ಗುಣ. ನಾಲ್ಕು ವೈದ್ಯಕೇಂದ್ರಗಳನ್ನು ಸಂದರ್ಶಿಸಿದ ಪರಿಶೋಧಕರು ಪ್ರಕಟವಾದ ಅಂಕಿಗಳು ನಂಬಲರ್ಹವಲ್ಲವೆಂದು ನಿರ್ಣಯಿಸಿ, ಆ ಪದವನ್ನು ಸ್ಪಷ್ಟಪಡಿಸಬೇಕು, ಇಲ್ಲವೇ ಅರ್ಥಭೇದಕ್ಕೆ ಎಡೆಗೊಡದ ಬೇರೊಂದು ಅಳತೆಯನ್ನು ಹಿಡಿಯಬೇಕೆಂದು ಸೂಚಿಸಿದರು. ೩೦ ದಿನಗಳಷ್ಟಿದ್ದ ಗುರಿಯನ್ನು ಇಲಾಖೆಯು ೨೦೧೧ನೆಯ ಆರ್ಥಿಕ ವರ್ಷದಲ್ಲಿ ೧೪ಕ್ಕೆ ಇಳಿಸಿದುದು ಹಿಂದಿನ ವರ್ಷಗಳ ಅಂಕಿಗಳಲ್ಲಿ ಕಂಡ ಪ್ರಗತಿಯ ಆಧಾರದಿಂದಲೇ ಎಂಬುದೂ ಈ ವರದಿಯಿಂದ ತಿಳಿಯುತ್ತದೆ. ಸಂದೇಹಾಸ್ಪದವಾದ ಅಳತೆಯೇ ಹೊಸ ಗುರಿಗೆ ತಳಹದಿಯಾಯಿತು.

ಆದರೆ ಒಂದೆಡೆಯಲ್ಲಿ ವರದಿಯು ತನ್ನ ಸಾಕ್ಷ್ಯಕ್ಕಿಂತ ಹಿಂದೆ ಉಳಿದಿದೆ. ಅಂಕಿಗಳು ಗುರಿಯೊಳಗೆ ಕಾಣಲೆಂದು ಅಪೇಕ್ಷಿತ ದಿನವನ್ನು ಬದಲಿಸುವೆವೆಂದು ಕೆಲವು ಚಿಕಿತ್ಸಾಲಯಗಳ ನೌಕರರೇ ಹೇಳಿದುದು ಅದರಲ್ಲಿ ದಾಖಲಾಗಿದೆ. ಇದು ಕೈತಪ್ಪಲ್ಲ, ಪ್ರಕ್ಷೇಪ. ಆದರೂ ವರದಿಯ ಸಲಹೆಗಳು ಪದದ ನಿರ್ವಚನ, ತರಬೇತಿ, ಸಿಬ್ಬಂದಿ, ದೂರವಾಣಿ ಇವುಗಳ ಮೇರೆಯನ್ನು ದಾಟುವುದಿಲ್ಲ. ನಾಲ್ಕು ಕೇಂದ್ರಗಳನ್ನು ಕಂಡು ಇಡೀ ಇಲಾಖೆಯನ್ನು ದೂಷಿಸಲಾಗದೆಂಬ ಸಮಾಧಾನವು ನ್ಯಾಯವಾದುದೇ. ಆದರೆ ಇಂತಹ ತಿದ್ದುಪಡಿ ಇನ್ನೆಷ್ಟು ಕಡೆ ನಡೆದಿದೆಯೆಂಬ ಪ್ರಶ್ನೆಯನ್ನು ಮುಂದಿಡಲು ಆ ಸಂಯಮವು ಅಡ್ಡಿಯಾಗಬೇಕಾಗಿರಲಿಲ್ಲ.

ಆ ಪ್ರಶ್ನೆಯ ಬೆಲೆಯು ಬೇಗನೆ ತಿಳಿದುಬಂದಿತು. ೨೦೧೪ನೆಯ ಮೇ ೨೮ರಂದು ಪ್ರಕಟವಾದ, ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ಲರ ಮಧ್ಯಂತರ ವರದಿಯು ಅರಿಝೋನಾದ ಫೀನಿಕ್ಸ್ ನಗರದ ೨೨೬ ಮಂದಿ ರೋಗಿಗಳ ದಾಖಲೆಗಳನ್ನು ಪರೀಕ್ಷಿಸಿತು. ಅವರ ಮೊದಲ ಭೇಟಿಗೆ ಅಲ್ಲಿಯವರು ತೋರಿಸಿದ ಸರಾಸರಿ ೨೪ ದಿನ. ನಿಜವಾಗಿ ಕಾದುದು ೧೧೫ ದಿನ. ಇವರಲ್ಲದೆ, ಸುಮಾರು ೧,೭೦೦ ಮಂದಿಯ ಹೆಸರು ಕಾಯುವವರ ಪಟ್ಟಿಯಲ್ಲಿಯೇ ಇರಲಿಲ್ಲ. ಎರಡು ದಿನಗಳ ತರುವಾಯ ಇಲಾಖೆಯ ಕಾರ್ಯದರ್ಶಿ ಎರಿಕ್ ಶಿನ್ಸೆಕಿಯವರು ರಾಜೀನಾಮೆಯಿತ್ತರು.

ಇಷ್ಟರಿಂದ ೨೦೧೨ರ ವರದಿಯ ಯೋಗ್ಯತೆಯು ಕುಂದುವುದಿಲ್ಲ; ದೋಷದ ಸ್ಥಾನವನ್ನು ಅದು ಸರಿಯಾಗಿಯೇ ತೋರಿಸಿತ್ತು. ಆದರೆ ಪಾಠವು ಎಲ್ಲಿ ಕೆಟ್ಟಿದೆಯೆಂದು ಗುರುತಿಸಿದ ಪರಿಶೋಧಕನು, ಅದು ಕೆಡುವುದರಿಂದ ಯಾರಿಗೆ ಪ್ರಯೋಜನವೆಂಬುದನ್ನೂ ವಿಚಾರಿಸಬೇಕು. ಅದನ್ನು ವಿಚಾರಿಸದೆ ಉಳಿದೆಡೆಯಲ್ಲಿ, ಪಟ್ಟಿಗೂ ಸೇರದ ರೋಗಿಯು ವೈದ್ಯರ ಕರೆಗಾಗಿ ಕಾಯುತ್ತಲೇ ಇರುವನು.