ಸಿಲುಕಿದವರು ಮತ್ತು ಅಡಗಿದವರು

ಸುದ್ದಿಯಲ್ಲಿ ಪಕ್ಷಪಾತವೆಂದರೆ ಸುಳ್ಳು ಹೇಳುವುದು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಘಟನೆಯನ್ನು ಇದ್ದಂತೆಯೇ ಹೇಳಿ, ಒಂದೇ ಒಂದು ಕ್ರಿಯಾಪದದಿಂದ ಮನುಷ್ಯನನ್ನು ಅಪರಾಧಿಯಾಗಿಸಬಹುದು. ಕತೆ ಬರೆಯುವ ನಮಗೆ ಈ ವಿದ್ಯೆ ಗೊತ್ತು. ನಾವಾದರೂ ಅದನ್ನು ಕತೆಯೆಂದು ಹೇಳಿಯೇ ಬರೆಯುತ್ತೇವೆ.

2020ರ ಮಾರ್ಚ್ ಕೊನೆಯ ದಿನಗಳನ್ನು ನೆನಪಿಸಿಕೊಳ್ಳೋಣ. ಲಾಕ್‌ಡೌನಿನಿಂದ ರೈಲು, ಬಸ್ಸು ನಿಂತು ದೇಶದ ಉದ್ದಗಲಕ್ಕೂ ಜನ ಇದ್ದಲ್ಲೇ ಉಳಿದರು. ಮಹಾರಾಷ್ಟ್ರದ ನಾಂದೇಡದ ಗುರುದ್ವಾರದಲ್ಲಿ ಉಳಿದ ಸಿಖ್ ಯಾತ್ರಿಕರನ್ನು ಸುದ್ದಿಗಳು 'ಸಿಲುಕಿದವರು' ಎಂದವು. ಸರಿಯಾದ ಮಾತು. ದೆಹಲಿಯ ನಿಜಾಮುದ್ದೀನಿನಲ್ಲಿ ಉಳಿದ ತಬ್ಲೀಗಿ ಜಮಾಅತಿನವರು ಮಾತ್ರ ಹಲವು ವಾಹಿನಿಗಳಲ್ಲಿ 'ಅಡಗಿದವರು' ಆದರು. 'ಕೊರೊನಾ ಜಿಹಾದ್' ಎಂಬ ಪದ ಹುಟ್ಟಿತು. 'ಮರ್ಕಜ್' ಎಂಬ ಪದ ಕೇಳಿದರೇ ಜನ ಬೆಚ್ಚತೊಡಗಿದರು. ಉರ್ದುವಿನಲ್ಲಿ ಮರ್ಕಜ್ ಎಂದರೆ ಕೇಂದ್ರ, ಅಷ್ಟೆ. ಕೇಂದ್ರ ಸರಕಾರವನ್ನು ಉರ್ದು ಪತ್ರಿಕೆಗಳು 'ಮರ್ಕಜಿ ಹುಕೂಮತ್' ಎಂದೇ ಬರೆಯುತ್ತವೆ.

ಪ್ರಶ್ನೆ ಕೇಳಬಾರದಿತ್ತೆಂದು ನಮ್ಮ ವಾದವಲ್ಲ. ಮಾರ್ಚ್ 16ರಂದೇ ದೆಹಲಿ ಸರಕಾರ 50ಕ್ಕಿಂತ ಹೆಚ್ಚು ಜನ ಸೇರುವುದನ್ನು ನಿಷೇಧಿಸಿತ್ತು. ಅಲ್ಲಿದ್ದ ಅನೇಕರಿಗೆ ಸೋಂಕು ತಗುಲಿದ್ದೂ ನಿಜ. ಜನರನ್ನು ಬೇಗ ಊರಿಗೆ ಕಳುಹಿಸಲಿಲ್ಲವೇಕೆ ಎಂದು ಜಮಾಅತಿನ ಹಿರಿಯರನ್ನು ಕೇಳಲೇಬೇಕಿತ್ತು. ವಿದೇಶೀಯರಿಗೆ ವೀಸಾ ಕೊಟ್ಟ ಸರಕಾರವನ್ನೂ, ಪಕ್ಕದಲ್ಲೇ ಇದ್ದ ಪೊಲೀಸ್ ಠಾಣೆಯನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕಿತ್ತು. ಹಾಗಾಗಲಿಲ್ಲ. ಇದಾವುದನ್ನೂ ಅರಿಯದ ಹಣ್ಣಿನ ಗಾಡಿಯವನ ಹೆಸರು ಕೇಳಿ ನಮ್ಮ ಬೀದಿಯಲ್ಲೇ ಬಾಗಿಲು ಹಾಕಿಕೊಂಡರು.

ಮುಂದೇನಾಯಿತು? 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 29 ವಿದೇಶೀಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿತು. ಅವರ ವಿರುದ್ಧ ಮಾಧ್ಯಮಗಳಲ್ಲಿ ದೊಡ್ಡ ಅಪಪ್ರಚಾರ ನಡೆಯಿತೆಂದೂ, ಅವರನ್ನು ಬಲಿಪಶು ಮಾಡಿರುವ ಸಂಭವವಿದೆಯೆಂದೂ ಹೇಳಿತು. 2021ರ ಜೂನ್‌ನಲ್ಲಿ, ವಾಹಿನಿಗಳು ತಾವೇ ಕಟ್ಟಿಕೊಂಡ ಮಾನದಂಡ ಪ್ರಾಧಿಕಾರ ಎರಡು ಕನ್ನಡ ವಾಹಿನಿಗಳಿಗೆ ದಂಡ ಹಾಕಿತು: ಒಂದಕ್ಕೆ 1 ಲಕ್ಷ ರೂಪಾಯಿ, ಇನ್ನೊಂದಕ್ಕೆ 50 ಸಾವಿರ. ವಿದೇಶೀಯರಿಗೆ ಆಶ್ರಯ ಕೊಟ್ಟ ಆರೋಪ ಹೊತ್ತಿದ್ದ 70 ಭಾರತೀಯರ ಪ್ರಕರಣಗಳನ್ನು ದೆಹಲಿ ಹೈಕೋರ್ಟ್ ರದ್ದುಪಡಿಸಿದ್ದು 2025ರ ಜುಲೈಯಲ್ಲಿ, ಐದು ವರ್ಷಗಳ ಬಳಿಕ. ಆರೋಪ ವಾರಗಟ್ಟಲೆ ಮನೆಮನೆಗೆ ಬಂದಿತ್ತು. ಈ ತೀರ್ಪುಗಳು ಎಷ್ಟು ಮನೆ ಮುಟ್ಟಿದವು?

ದೂರುವುದು ಸುಲಭ. ನಮಗೆ ಹಿತವಾದ ಸುದ್ದಿ ಬಂದಾಗ ನಾವೂ ಪರೀಕ್ಷಿಸದೆ ಮೊಬೈಲಿನಲ್ಲಿ ದಾಟಿಸುವವರೇ. ಅದಕ್ಕಾಗಿ ಒಂದು ಸಣ್ಣ ಅಭ್ಯಾಸ ಮಾಡಿಕೊಳ್ಳೋಣ. ಸುದ್ದಿಯಲ್ಲಿರುವ ಸಮುದಾಯದ ಹೆಸರು ತೆಗೆದು ನಮ್ಮ ಸಮುದಾಯದ ಹೆಸರಿಟ್ಟು ಓದೋಣ. ಆ ಕ್ರಿಯಾಪದ ಆಗಲೂ ನ್ಯಾಯವೆನಿಸಿದರೆ ನಂಬೋಣ. ಇಲ್ಲವಾದರೆ, ಬಾಗಿಲು ಹಾಕುವ ಮೊದಲು ಹಣ್ಣಿನವನ ಮುಖವನ್ನು ಒಮ್ಮೆ ನೋಡೋಣ.